ಶ್ರೀಜೇಶ್ ಬಿಟ್ಟುಹೋದ ಹನ್ನೆರಡು ಅಡಿ

"ಇನ್ನು ಗೋಲಿಗೆ ಯಾರು ಮಾರಾಯ್ರೆ?"

2024ರ ಆಗಸ್ಟ್ 8ರ ಸಂಜೆ ಭಾರತ ಸ್ಪೇನನ್ನು 2–1ರಿಂದ ಸೋಲಿಸಿ ಪ್ಯಾರಿಸ್ ಒಲಿಂಪಿಕ್‌ ಹಾಕಿಯಲ್ಲಿ ಕಂಚು ಗೆದ್ದಾಗ, ನಮ್ಮ ಮಂಗಳೂರು–ಉಡುಪಿ ಕಡೆಯ ಹಾಕಿ ಪ್ರಿಯರ ಬಾಯಲ್ಲಿ ಪದಕದ ಮಾತಿನ ಬೆನ್ನಿಗೇ ಬಂದ ಪ್ರಶ್ನೆ ಇದು. ಪ್ಯಾರಿಸ್ ತನ್ನ ಕೊನೆಯ ಟೂರ್ನಿ ಎಂದು ಕೇರಳದ ಗೋಲ್‌ಕೀಪರ್ ಪಿ. ಆರ್. ಶ್ರೀಜೇಶ್ ಜುಲೈ 22ರಂದೇ ಹೇಳಿಯಾಗಿತ್ತು. ಹದಿನೇಳು ದಿನ ಮೊದಲೇ ಗೊತ್ತಿದ್ದ ಸುದ್ದಿ. ಆದರೂ ನಾಯಕ ಹರ್ಮನ್‌ಪ್ರೀತ್ ಸಿಂಗ್ ತನ್ನ ಗೋಲ್‌ಕೀಪರನ್ನು ಹೆಗಲ ಮೇಲೆ ಹೊತ್ತಾಗ ತುಂಬಾ ಜನರಿಗೆ ಗಂಟಲು ಕಟ್ಟಿತು.

ಕರಾವಳಿಯಲ್ಲಿ ಹಾಕಿಗೆ ಇರುವ ಜಾಗ ಸಣ್ಣದು. ಕ್ರಿಕೆಟ್, ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್, ಚಳಿಗಾಲ ಬಂದರೆ ಕಂಬಳ. ಆದರೆ ಇರುವ ಅಭಿಮಾನಿಗಳು ಗಟ್ಟಿ. ಸಂಪಾಜೆ ಘಾಟಿ ಇಳಿದು ಇಲ್ಲಿಗೆ ಓದಲು, ಕೆಲಸಕ್ಕೆ ಬಂದ ಕೊಡಗಿನವರಿದ್ದಾರೆ. ಅವರಿಗೆ ಹಾಕಿ ಮನೆಮಾತು. ಕಾಸರಗೋಡು, ಕಣ್ಣೂರು ಕಡೆಯವರಿದ್ದಾರೆ. ಅವರಿಗೆ ಶ್ರೀಜೇಶ್ ಊರಿನ ಹುಡುಗನಿದ್ದ ಹಾಗೆ. ಶಾಲೆಯ ದಿನಗಳಲ್ಲಿ ಕೆಂಪು ಮಣ್ಣಿನ ಮೈದಾನದಲ್ಲಿ ಕೋಲು ಹಿಡಿದ ಹಿರಿಯರೂ ಇದ್ದಾರೆ. ಈ ಮೂರೂ ಬಗೆಯವರು ಹೇಳಿದ್ದು ಹೆಚ್ಚುಕಡಿಮೆ ಒಂದೇ: "ಎಂತಹ ರಿಫ್ಲೆಕ್ಸ್! ಗೋಡೆ ಅಂದ್ರೆ ಗೋಡೆ!"

ಪ್ರೀತಿಯ ಮಾತು, ನಿಜ. ಆದರೆ ಅದು ಅರ್ಧ ಮಾತು ಎಂದು ನನಗೆ ಅನಿಸುತ್ತದೆ. ಚುರುಕು ಕೈಕಾಲಿನ ಗೋಲ್‌ಕೀಪರ್‌ಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಶ್ರೀಜೇಶ್ ಜೊತೆಗೆ ಹೋದದ್ದು ಬೇರೆ: ಚೆಂಡು ಬರುವುದಕ್ಕೆ ಮೊದಲೇ ಮುಗಿಸಿಡುತ್ತಿದ್ದ ಕೆಲಸ.

ಲೆಕ್ಕ ಹಾಕಿ ನೋಡಿ. ಹಾಕಿ ಗೋಲಿನ ಅಗಲ 3.66 ಮೀಟರ್, ನಮ್ಮ ಹಳೇ ಲೆಕ್ಕದಲ್ಲಿ ಹನ್ನೆರಡು ಅಡಿ. ಎತ್ತರ 2.14 ಮೀಟರ್. ಚೆಂಡಿನ ತೂಕ 156ರಿಂದ 163 ಗ್ರಾಂ, ಮುಟ್ಟಿದರೆ ಕಲ್ಲು. ಒಳ್ಳೆಯ ಡ್ರ್ಯಾಗ್ ಫ್ಲಿಕ್, ಅಂದರೆ ಕೋಲಿನಿಂದ ಎಳೆದು ಎಸೆದ ಚೆಂಡು, ಗಂಟೆಗೆ 100 ಕಿ.ಮೀ. ದಾಟುತ್ತದೆ. ಆ ವೇಗದಲ್ಲಿ ಫ್ಲಿಕ್ ಹೊಡೆಯುವಲ್ಲಿಂದ ಗೋಲಿನ ತನಕದ ಸುಮಾರು 14 ಮೀಟರ್ ದೂರ ಕ್ರಮಿಸಲು ಚೆಂಡಿಗೆ ಬೇಕಾದದ್ದು ಬರೇ ಅರ್ಧ ಸೆಕೆಂಡು. ಕಣ್ಣು ಕಂಡದ್ದನ್ನು ಮೈಗೆ ಮುಟ್ಟಿಸಲಿಕ್ಕೇ ಅದರಲ್ಲಿ ಸುಮಾರು 0.2 ಸೆಕೆಂಡು ಹೋಗುತ್ತದೆ. ಉಳಿದ 0.3 ಸೆಕೆಂಡಿನಲ್ಲಿ ಅಷ್ಟು ಭಾರದ ಸಾಮಾನು ತೊಟ್ಟ ಮನುಷ್ಯ ಹನ್ನೆರಡು ಅಡಿಯ ಯಾವ ಮೂಲೆಗೂ ಹಾರಲಾರ. ಹಾಗಾದರೆ ಚೆಂಡು ನಿಂತದ್ದು ಹೇಗೆ? ಹನ್ನೆರಡು ಅಡಿಯನ್ನು ಮೊದಲೇ ಆರೇಳು ಅಡಿಗೆ ಇಳಿಸಿಟ್ಟದ್ದರಿಂದ.

ರಕ್ಷಕರ ತಪ್ಪಿಗೆ ಎದುರಾಳಿಗೆ ಸಿಗುವ ಅವಕಾಶ ಪೆನಾಲ್ಟಿ ಕಾರ್ನರ್. ಆಗ ರಕ್ಷಣೆಗೆ ಸಿಗುವುದು ಕೀಪರ್ ಸೇರಿ ಐದೇ ಮಂದಿ. ಉಳಿದವರು ಮಧ್ಯರೇಖೆಯ ಆಚೆ ಹೋಗಬೇಕು. ಎದುರಾಳಿ ಆಟಗಾರ ಗೋಲು ಕಂಬದಿಂದ 10 ಮೀಟರ್ ದೂರದಿಂದ ಚೆಂಡು ದೂಡುತ್ತಾನೆ, ಗೋಲಿನ ಮುಂದಿನ ಅರ್ಧವೃತ್ತದ, ಅಂದರೆ ಸರ್ಕಲ್‌ನ, ಹೊರಗೆ ಒಬ್ಬ ಅದನ್ನು ನಿಲ್ಲಿಸುತ್ತಾನೆ, ಇನ್ನೊಬ್ಬ ಎಳೆದು ಎಸೆಯುತ್ತಾನೆ. ಮೊದಲ ಏಟು ಹಿಟ್ ಆದರೆ ಚೆಂಡು ಗೋಲಿನ ಹಲಗೆಯ ಎತ್ತರ, ಅಂದರೆ 460 ಮಿಲಿಮೀಟರ್ ಮೀರಬಾರದು; ಫ್ಲಿಕ್‌ಗೆ ಆ ಮಿತಿ ಇಲ್ಲ. ಅದಕ್ಕೇ ಎಲ್ಲರೂ ಫ್ಲಿಕ್‌ಗೆ ಹೋಗುವುದು. ಈ ಕಡೆಯಿಂದ ಮೊದಲು ಓಡುವ ರಶರ್ ನೇರ ಫ್ಲಿಕ್ಕರ್‌ನ ಮೇಲೆ ಹೋಗುತ್ತಾನೆ. ಅವನ ಕೆಲಸ ಚೆಂಡು ತಡೆಯುವುದು ಮಾತ್ರ ಅಲ್ಲ. ಅವನು ಓಡುವ ಗೆರೆ ಗೋಲಿನ ಒಂದು ಭಾಗವನ್ನು ಮುಚ್ಚಬೇಕು, ಉಳಿದ ಭಾಗ ಕೀಪರ್‌ನದ್ದು. ಯಾವ ಭಾಗ ಯಾರದ್ದು ಎಂದು ಚೆಂಡು ದೂಡುವ ಮೊದಲೇ ಮಾತಾಗಿರಬೇಕು.

ತಪ್ಪುವುದು ಎಲ್ಲಿ ಅಂದರೆ, ರಶರ್ ಒಂದು ಹೆಜ್ಜೆ ಒಳಗೆ ಓಡಿದರೆ ಸಾಕು, ತನ್ನದೇ ಕೀಪರ್‌ನ ಕಣ್ಣಿಗೆ ಅಡ್ಡ ಬರುತ್ತಾನೆ. ಚೆಂಡು ಕೋಲಿನಿಂದ ಬಿಡುವ ಕ್ಷಣ ಕಾಣದಿದ್ದರೆ ಮೇಲಿನ ಅರ್ಧ ಸೆಕೆಂಡಿನಲ್ಲಿ ಇನ್ನೂ ಅರ್ಧ ಹೋಯಿತು. ಟಿವಿಯಲ್ಲಿ ನೋಡುವ ನಮಗೆ ಕೀಪರ್ ಅಲ್ಲಾಡದೆ ನಿಂತು ಗೋಲು ಬಿಟ್ಟ ಹಾಗೆ ಕಾಣುತ್ತದೆ. ನಿಜವಾಗಿ ಅವನಿಗೆ ಚೆಂಡು ಕಂಡೇ ಇರುವುದಿಲ್ಲ.

2021ರ ಆಗಸ್ಟ್ 5, ಟೋಕಿಯೊ. ಭಾರತ 5, ಜರ್ಮನಿ 4. ಆಟ ಮುಗಿಯಲು ಆರೇಳು ಸೆಕೆಂಡು ಇರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಆ ಒಂದು ತಡೆ 41 ವರ್ಷಗಳ ನಂತರ ಹಾಕಿಯಲ್ಲಿ ಒಲಿಂಪಿಕ್ ಪದಕ ತಂದಿತು. ಶ್ರೀಜೇಶ್ ಗೋಲಿನ ಅಡ್ಡಪಟ್ಟಿಯ ಮೇಲೆ ಹತ್ತಿ ಕೂತ ಚಿತ್ರ ಎಲ್ಲರಿಗೂ ನೆನಪಿದೆ. ಆ ದೃಶ್ಯ ಸಿಕ್ಕರೆ ಚೆಂಡನ್ನು ಬಿಟ್ಟು ಅದಕ್ಕಿಂತ ಮೊದಲಿನ ಗಳಿಗೆಯನ್ನು ನೋಡಿ. ರಕ್ಷಣೆಯ ಐವರೂ ತಮ್ಮ ತಮ್ಮ ಜಾಗದಲ್ಲಿ, ತಮ್ಮ ತಮ್ಮ ಗೆರೆಯಲ್ಲಿ. ಆಟಗಾರರ ಎದೆ ಬಾಯಿಗೆ ಬರುವ ಆ ಹೊತ್ತಿನಲ್ಲಿ ಈ ಶಿಸ್ತು ತಾನಾಗಿ ಉಳಿಯುವುದಿಲ್ಲ, ಯಾರಾದರೂ ಕೂಗಿ ಉಳಿಸಬೇಕು.

ಪ್ಯಾರಿಸ್‌ನ ಕ್ವಾರ್ಟರ್ ಫೈನಲ್ ನಡೆದದ್ದು ಆಗಸ್ಟ್ 4, ಭಾನುವಾರ, ನಮಗೆ ಆಟಿ ಅಮಾವಾಸ್ಯೆ. ಬೆಳಗ್ಗೆ ಬರಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ (ತೊಗಟೆಯ) ಕಹಿ ಕಷಾಯ, ಆಮೇಲೆ ತಂಪಿಗೆ ಮೆಂತೆ ಗಂಜಿ, ಮಧ್ಯಾಹ್ನ ಒಂದೂವರೆಗೆ ಬ್ರಿಟನ್ ವಿರುದ್ಧ ಪಂದ್ಯ. 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಹತ್ತು ಮಂದಿಯಲ್ಲಿ ನಲವತ್ತಕ್ಕೂ ಹೆಚ್ಚು ನಿಮಿಷ ಆಡಬೇಕು ಎಂಬುದು ಎಲ್ಲರಿಗೂ ಕಂಡ ಕಷ್ಟ. ಹಾಕಿ ಬಲ್ಲವರು ತಲೆ ಮೇಲೆ ಕೈ ಹೊತ್ತದ್ದು ಬೇರೆ ಕಾರಣಕ್ಕೆ: ರೋಹಿದಾಸ್ ನಮ್ಮ ಮೊದಲ ರಶರ್. ಪೆನಾಲ್ಟಿ ಕಾರ್ನರ್‌ನಲ್ಲಿ ಶ್ರೀಜೇಶ್‌ನ ಲೆಕ್ಕದ ಅರ್ಧ ಭಾಗ ಹೊತ್ತಿದ್ದ ಮನುಷ್ಯನೇ ಮೈದಾನದಲ್ಲಿ ಇಲ್ಲ. ಬೇರೆಯವರು ಓಡಬೇಕು, ಅವರ ವೇಗ ಬೇರೆ, ಗೆರೆ ಬೇರೆ, ಅದಕ್ಕೆ ತಕ್ಕ ಹಾಗೆ ಕೀಪರ್ ತಾನು ನಿಲ್ಲುವ ಜಾಗವನ್ನು ಅಲ್ಲೇ ಬದಲಿಸಿಕೊಳ್ಳಬೇಕು. ಹರ್ಮನ್‌ಪ್ರೀತ್ 22ನೇ ನಿಮಿಷದಲ್ಲಿ ಹೊಡೆದರು, ಲೀ ಮಾರ್ಟನ್ 27ರಲ್ಲಿ ಸಮ ಮಾಡಿದರು. ಆಮೇಲೆ 33 ನಿಮಿಷ ಬ್ರಿಟನ್ ಮತ್ತೆ ಮತ್ತೆ ನುಗ್ಗಿತು, ಇನ್ನೊಂದು ಗೋಲು ಬರಲಿಲ್ಲ. ಶ್ರೀಜೇಶ್ ಆಡಿದ 336 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದನ್ನು ಮಾತ್ರ ಮತ್ತೆ ನೋಡಲು ಸಮಯ ಇದೆ ಎನ್ನುವವರಿಗೆ ನಾನು ತೋರಿಸುವುದು ಇದನ್ನೇ, ಟೋಕಿಯೊದ್ದನ್ನಲ್ಲ.

ಸಮ ಆದ ಆ ಪಂದ್ಯವನ್ನು ಭಾರತ ಶೂಟೌಟ್‌ನಲ್ಲಿ 4–2ರಿಂದ ಗೆದ್ದಿತು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಹಳೇ ಪೆನಾಲ್ಟಿ ಸ್ಟ್ರೋಕ್‌ಗೂ ಇದಕ್ಕೂ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಸ್ಟ್ರೋಕ್ 6.40 ಮೀಟರ್ ದೂರದಿಂದ ಒಂದೇ ಏಟು, ಚೆಂಡು ಬಿಡುವ ತನಕ ಕೀಪರ್‌ನ ಎರಡೂ ಪಾದ ಗೋಲ್ ರೇಖೆ ಬಿಡಬಾರದು. ಶೂಟೌಟ್‌ನಲ್ಲಿ ಎದುರಾಳಿ 23 ಮೀಟರ್ ರೇಖೆಯಿಂದ ಚೆಂಡು ತರುತ್ತಾನೆ, ಅವನಿಗೆ ಇರುವುದು 8 ಸೆಕೆಂಡು. ಸೀಟಿ ಆದ ಕೂಡಲೇ ಕೀಪರ್ ಮುಂದೆ ಬರಬಹುದು. ಹೊಸ ಕೀಪರ್ ಮಾಡುವ ತಪ್ಪು ಮೂರನೇ ಸೆಕೆಂಡಿಗೇ ಮಲಗುವುದು. ಮಲಗಿದವನನ್ನು ದಾಟುವುದು ಸುಲಭ, ಬೇಕೆಂದೇ ಕಾಲು ತಾಗಿಸಿ ಬೀಳಿಸಿದರೆ ಸ್ಟ್ರೋಕ್ ಕೊಡುತ್ತಾರೆ. ಸರಿಯಾದ ಕ್ರಮ ಹೀಗೆ: ಮೊದಲ ಎರಡು ಸೆಕೆಂಡಿನಲ್ಲಿ ನಾಲ್ಕೈದು ಹೆಜ್ಜೆ ವೇಗವಾಗಿ ಮುಂದೆ, ಅಲ್ಲಿಂದ ಸಣ್ಣ ಹೆಜ್ಜೆ, ಆಮೇಲೆ ಕಾಲ ಮೇಲೇ ನಿಂತು ಎದುರಾಳಿಯನ್ನು ಅವನ ಎಡಕ್ಕೆ, ಅಂದರೆ ತನ್ನ ಬಲಕ್ಕೆ ತಳ್ಳುವುದು. ಕೀಪರ್‌ನ ಕೋಲು ಇರುವುದು ಬಲಗೈಯಲ್ಲಿ, ಎದುರಾಳಿ ಆ ಕಡೆ ಹೊಡೆಯಬೇಕಾದರೆ ಕೋಲು ತಿರುಗಿಸಿ ರಿವರ್ಸ್ ಮಾಡಬೇಕು. ಆರನೇ ಸೆಕೆಂಡಿಗೆ ಅವಸರ ಅವನದ್ದು, ಕೀಪರ್‌ನದ್ದಲ್ಲ. ಅಂದು ಬ್ರಿಟನ್‌ನ ಮೂರನೆಯವನ ಹೊಡೆತ ಅಡ್ಡಪಟ್ಟಿಯ ಮೇಲಿಂದ ಹೋಯಿತು, ನಾಲ್ಕನೆಯವನದ್ದನ್ನು ಶ್ರೀಜೇಶ್ ತಡೆದರು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನದ ಎರಡನ್ನು ತಡೆದು ಚಿನ್ನ ತಂದದ್ದೂ ಇದೇ ಶೂಟೌಟ್‌ನಲ್ಲಿ, ಅದೂ 4–2.

ಇಂಚಿಯಾನ್ ಅಂದಾಗ ಕೊಡಗಿನವರು ಬಿಡುವುದಿಲ್ಲ. ಆ ತಂಡದಲ್ಲಿ ವಿ. ಆರ್. ರಘುನಾಥ್ ಇದ್ದರು, ಎಸ್. ವಿ. ಸುನಿಲ್ ಇದ್ದರು. ಸುನಿಲ್ 2021ರಲ್ಲಿ ನಿವೃತ್ತರಾದಾಗ ಇಷ್ಟು ಗದ್ದಲ ಆಗಲಿಲ್ಲ ಎಂಬುದು ಅವರ ನೋವು. ನ್ಯಾಯವಾದ ನೋವು. ಸುನಿಲ್ ಟೋಕಿಯೊ ತಂಡದಲ್ಲಿ ಇರಲಿಲ್ಲ. ಕೊನೆಯ ಪಂದ್ಯ ಇದು ಎಂದು ಗೊತ್ತಿದ್ದು ಕಣ್ತುಂಬ ನೋಡುವ ಭಾಗ್ಯ ಅಭಿಮಾನಿಗಳಿಗೆ ಸಿಗಲಿಲ್ಲ. ಶ್ರೀಜೇಶ್‌ಗೆ ಅದು ಸಿಕ್ಕಿತು, ಕೊರಳಲ್ಲಿ ಪದಕದ ಜೊತೆಗೆ. ಭಾರತಕ್ಕೆ ಹಾಕಿಯಲ್ಲಿ ಸಾಲಾಗಿ ಎರಡು ಒಲಿಂಪಿಕ್‌ನಲ್ಲಿ ಪದಕ ಬಂದದ್ದು 1968 ಮತ್ತು 1972ರ ನಂತರ ಇದೇ ಮೊದಲು.

1972 ಅಂದರೆ ಹಿರಿಯರಿಗೆ ಇನ್ನೊಂದು ಹೆಸರು ನೆನಪಾಗುತ್ತದೆ, ಮ್ಯಾನುಯೆಲ್ ಫ್ರೆಡರಿಕ್. ಮಂಗಳೂರಿನಲ್ಲಿ ರೈಲು ಹತ್ತಿದರೆ ಕಾಸರಗೋಡು ದಾಟಿ ಸಿಗುವ ಕಣ್ಣೂರಿನವರು, ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದ ಕೀಪರ್, ಕೇರಳದ ಮೊದಲ ಒಲಿಂಪಿಕ್ ಪದಕ ವಿಜೇತ. ಎರಡನೆಯವರು ಕಿಳಕ್ಕಂಬಲದ ಶ್ರೀಜೇಶ್. ನಡುವೆ 49 ವರ್ಷ, ಇಬ್ಬರೂ ಗೋಲ್‌ಕೀಪರ್‌ಗಳು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕೊರಿಯಾವನ್ನು ಟೈಬ್ರೇಕರ್‌ನಲ್ಲಿ ಸೋಲಿಸಿ 32 ವರ್ಷಗಳ ಮೇಲೆ ಚಿನ್ನ ಬಂದಾಗ ಗೋಲಿನಲ್ಲಿದ್ದವರು ಆಶಿಶ್ ಬಲ್ಲಾಳ್. ಬಲ್ಲಾಳ ಎಂಬ ಹೆಸರು ಕೇಳಿದರೆ ಉಡುಪಿಯವರ ಕಿವಿ ನೆಟ್ಟಗಾಗುವುದು ಸಹಜ.

ಹಾಗೇ ಇನ್ನೊಂದು ಹೆಸರು, ಮೇಲಿನ "ಇನ್ನು ಯಾರು" ಪ್ರಶ್ನೆಗೆ ಉತ್ತರದ ಭಾಗವಾಗಿ. ಶ್ರೀಜೇಶ್ ಹೋದ ಮೇಲೆ ಗೋಲಿನ ಹೊಣೆ ಕ್ರಿಶನ್ ಪಾಠಕ್ ಮತ್ತು ಸೂರಜ್ ಕರ್ಕೇರ ಅವರ ಹೆಗಲಿಗೆ ಬಂತು. ಸೂರಜ್ ಮುಂಬೈಯ ಹುಡುಗ, ಆದರೆ ಕರ್ಕೇರ ಎಂಬ ಕುಲನಾಮ ಮಲ್ಪೆಯಿಂದ ಉಳ್ಳಾಲದ ತನಕ ಎಷ್ಟು ಮನೆಗಳ ಬಾಗಿಲಲ್ಲಿ ಉಂಟು! 2024ರ ಸೆಪ್ಟೆಂಬರ್‌ನಲ್ಲಿ, ಶ್ರೀಜೇಶ್ ಇಲ್ಲದ ಮೊದಲ ಟೂರ್ನಿಯಲ್ಲೇ ಭಾರತ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಗೆದ್ದಿತು, ಫೈನಲ್‌ನಲ್ಲಿ ಚೀನಾ ವಿರುದ್ಧ 1–0. ಹಾಗಾಗಿ ಗೋಲು ಖಾಲಿ ಬಿದ್ದಿದೆ ಎಂಬ ಹೆದರಿಕೆ ಬೇಡ. ಹದಿನೆಂಟು ವರ್ಷ ಒಂದೇ ಗೋಲಿನ ಮುಂದೆ ನಿಂತು ಕಲಿತದ್ದು ಹೊಸಬರಿಗೆ ಎರಡು ವರ್ಷದಲ್ಲಿ ಬರುವುದಿಲ್ಲ, ಅಷ್ಟೇ. ಸಣ್ಣ ತಪ್ಪಿಗೆ ಅವರನ್ನು ಶ್ರೀಜೇಶ್ ಜೊತೆ ತೂಗುವ ಅಭ್ಯಾಸವನ್ನು ನಾವು ಅಭಿಮಾನಿಗಳು ಬಿಡಬೇಕು.

ಶ್ರೀಜೇಶ್ ತೊಡುತ್ತಿದ್ದ 16ನೇ ನಂಬರಿನ ಜೆರ್ಸಿಯನ್ನು ಆಟದ ಆಡಳಿತ ಸಂಸ್ಥೆಯಾದ 'ಹಾಕಿ ಇಂಡಿಯಾ' ಹಿರಿಯರ ತಂಡದಿಂದ ತೆಗೆದಿಟ್ಟದ್ದಕ್ಕೆ ಕೆಲವರ ಆಕ್ಷೇಪ ಇದೆ. ಧ್ಯಾನ್‌ಚಂದ್‌ಗೆ, ಹಳೇ ಕಾಲದ ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್‌ಗೆ ಇಲ್ಲದ್ದು ಇವರಿಗೆ ಯಾಕೆ ಎಂದು. ನನಗೆ ಅದರಲ್ಲಿ ತಕರಾರಿಲ್ಲ. ಜೂನಿಯರ್ ತಂಡದಲ್ಲಿ ಆ ನಂಬರು ಉಳಿದಿದೆ, ಆ ತಂಡದ ಕೋಚ್ ಆಗಿ ಶ್ರೀಜೇಶ್‌ರನ್ನೇ ನೇಮಿಸಿದರು. ಆ ನಿರ್ಧಾರ ಜೆರ್ಸಿಗಿಂತ ದೊಡ್ಡದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿವೃತ್ತಿಯ ಸುದ್ದಿ ನೋಡಿ "ನಾನೂ ಕೀಪರ್ ಆಗ್ತೇನೆ" ಎಂದು ಹೊರಟ ಮಕ್ಕಳಿದ್ದಾರೆ, ಅವರ ಅಪ್ಪ ಅಮ್ಮಂದಿರಿಗೆ ಎಲ್ಲಿಂದ ಶುರು ಮಾಡುವುದೆಂದು ಗೊತ್ತಿಲ್ಲ. ಮನೆಯಲ್ಲಿರುವ ಕ್ರಿಕೆಟ್ ಪ್ಯಾಡು, ಹೆಲ್ಮೆಟ್ ಕೊಟ್ಟು ನಿಲ್ಲಿಸುವುದು ಮೊದಲ ತಪ್ಪು. ಕ್ರಿಕೆಟ್ ಹೆಲ್ಮೆಟ್ಟಿನಲ್ಲಿ ಗಂಟಲು ಮತ್ತು ತಲೆಯ ಹಿಂಭಾಗ ಬಯಲು. ಕ್ರಿಕೆಟ್ ಪ್ಯಾಡಿನ ಮುಖ ಸಪಾಟಾಗಿಲ್ಲ, ಚೆಂಡು ಎತ್ತಲಾಗಿ ಚಿಮ್ಮುತ್ತದೆ ಎಂದು ಹೇಳಲಾಗದು, ಪಾದವಂತೂ ಪೂರ್ತಿ ತೆರೆದಿರುತ್ತದೆ. ಹಾಕಿ ಕೀಪರ್‌ಗೆ ಬೇಕಾದದ್ದು ಗಂಟಲು ಪಟ್ಟಿ ಸಹಿತ ಹೆಲ್ಮೆಟ್, ಎದೆ ಕವಚ, ಮೊಣಕೈ ಕವಚ, ಎರಡು ಕೈಗೆ ಎರಡು ಬೇರೆ ಬೇರೆ ಪ್ಯಾಡು, ದಪ್ಪ ಚಡ್ಡಿ, ಒಳಗೆ ಗಾರ್ಡ್, ಕಾಲಿನ ಪ್ಯಾಡು, ಪಾದಕ್ಕೆ ಕಿಕ್ಕರ್. ಎಲ್ಲವನ್ನೂ ಒಟ್ಟಿಗೆ ಹೊಸತು ಕೊಳ್ಳಲು ಆಗದಿದ್ದರೆ ಕಾಲಿನ ಪ್ಯಾಡು ಹಳತಾದರೂ ನಡೆಯುತ್ತದೆ. ಹೆಲ್ಮೆಟ್ ಮತ್ತು ಗಂಟಲು ಪಟ್ಟಿಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಹಾಕಿಕೊಂಡು ತಲೆ ಜೋರಾಗಿ ಅಲ್ಲಾಡಿಸಿದಾಗ ಹೆಲ್ಮೆಟ್ ತಲೆಯ ಜೊತೆಗೇ ಅಲ್ಲಾಡಬೇಕು, ಹಿಂದೆ ಉಳಿಯಬಾರದು. "ಇನ್ನೆರಡು ವರ್ಷಕ್ಕೂ ಆಗಲಿ" ಎಂದು ದೊಡ್ಡ ಅಳತೆಯದ್ದು ತಂದರೆ ಮಗು ಕೆಳಗೆ ಬಿದ್ದಾಗ ಗ್ರಿಲ್ ಕಣ್ಣಿಗೆ ಅಡ್ಡ ಬರುತ್ತದೆ.

ಸಾಮಾನು ಬರುವ ಮೊದಲೇ ಕಲಿಯಬಹುದಾದದ್ದು ನಿಲ್ಲುವ ಜಾಗ. ಮಲ್ಪೆಯಲ್ಲೋ ಮಂಗಳೂರು ಬಂದರಿನಲ್ಲೋ ಮೀನುಗಾರಿಕೆ ಸಾಮಾನಿನ ಅಂಗಡಿಯಿಂದ ತೆಳ್ಳಗಿನ ನೈಲಾನ್ ಹಗ್ಗ 30 ಮೀಟರ್ ತನ್ನಿ. ತೆಂಗಿನ ನಾರಿನದ್ದು ಬೇಡ, ಒದ್ದೆಯಾದರೆ ಭಾರ, ನಡುವೆ ಜೋತುಬೀಳುತ್ತದೆ. ಎರಡು ತುದಿಗಳನ್ನು ಎರಡು ಗೋಲು ಕಂಬಗಳ ಬುಡಕ್ಕೆ ಕಟ್ಟಿ, ಹಗ್ಗದ ನಡುವನ್ನು ಗೋಲಿನ ನಡುವಿನಿಂದ 14 ಮೀಟರ್ ಮುಂದೆ ಒಂದು ಗೂಟಕ್ಕೆ ಎಳೆದು ಸಿಕ್ಕಿಸಿ. ಗೂಟ ಇರುವಲ್ಲಿ ಚೆಂಡು ಉಂಟು ಎಂದು ಲೆಕ್ಕ. ಈಗ ಮಗುವನ್ನು ಗೋಲ್ ರೇಖೆಯ ಮೇಲೆ ನಿಲ್ಲಿಸಿದರೆ ಹಗ್ಗಗಳ ನಡುವೆ ಅವನು ಕಾಯಬೇಕಾದ ಅಗಲ 3.66 ಮೀಟರ್. ಎರಡು ಮೀಟರ್ ಮುಂದೆ ಬಂದರೆ 3.14. ನಾಲ್ಕು ಮೀಟರ್ ಮುಂದೆ ಬಂದರೆ 2.61. ಕೈಕಾಲು ಚಾಚಿ ತೋರಿಸಿ, ಹಗ್ಗ ಮುಟ್ಟುವಷ್ಟು ಹತ್ತಿರ ಬಂದದ್ದನ್ನು ಮಗು ಮೈಯಲ್ಲೇ ತಿಳಿಯುತ್ತದೆ. ಹಾಗೆಂದು ಇನ್ನೂ ಮುಂದೆ ಹೋಗಬಾರದು. ಚೆಂಡನ್ನು ಪಕ್ಕದವನಿಗೆ ತಳ್ಳಿದರೆ ಬೆನ್ನ ಹಿಂದಿನ ಗೋಲು ಪೂರ್ತಿ ಖಾಲಿ. ಗೂಟವನ್ನು ಎಡಕ್ಕೆ, ಬಲಕ್ಕೆ ಬದಲಿಸಿದಾಗ ಮಗು ಕಂಬದಿಂದ ಕಂಬಕ್ಕೆ ಬಿಲ್ಲಿನ ಹಾಗೆ ಬಾಗಿದ ಹಾದಿಯಲ್ಲಿ, ಸಣ್ಣ ಅಡ್ಡ ಹೆಜ್ಜೆಯಲ್ಲಿ ಸರಿಯಬೇಕು. ಒಂದು ಕಾಲಿನ ಮುಂದೆ ಇನ್ನೊಂದು ಕಾಲು ಹಾಕಿ ಓಡಿದರೆ ಅದೇ ಕ್ಷಣ ಚೆಂಡು ಬಂದಾಗ ಕಾಲು ಕತ್ತರಿಯಾಗಿರುತ್ತದೆ.

ನಿಲುವು: ಪಾದಗಳ ನಡುವೆ ಭುಜದ ಅಗಲ, ಭಾರ ಪಾದದ ಮುಂಭಾಗದಲ್ಲಿ, ಎರಡೂ ಕೈ ಮೈಗಿಂತ ಮುಂದೆ, ತನ್ನ ಕಣ್ಣಿಗೆ ತನ್ನ ಕೈ ಕಾಣುವ ಹಾಗೆ. ಹಿಮ್ಮಡಿಯಲ್ಲಿ ಭಾರ ಇಟ್ಟವನು ಹಿಂದಕ್ಕೆ ಬೀಳುತ್ತಾನೆ, ಚೆಂಡು ಪ್ಯಾಡಿಗೆ ತಾಗಿಯೂ ಮೇಲೆ ಹಾರಿ ಗೋಲಾಗುತ್ತದೆ. ಮೊದಲ ತಿಂಗಳು ಟೆನಿಸ್ ಚೆಂಡು ಸಾಕು, 5–6 ಮೀಟರ್ ದೂರದಿಂದ, 20ರ ಸರದಿಯಲ್ಲಿ. ಕಾಲಿನಿಂದ ತಡೆದದ್ದು ಪ್ರತಿ ಸಲ ಪಕ್ಕಕ್ಕೆ ಹೋಗಬೇಕು, ಎದುರಿಗೆ ಅಲ್ಲ. ಈಗಿನ ಗಟ್ಟಿ ಫೋಮ್ ಪ್ಯಾಡಿನಿಂದ ಚೆಂಡು ದೂರ ಪುಟಿಯುತ್ತದೆ; ನೇರ ಎದುರಿಗೆ ಪುಟಿದರೆ ಎದುರಾಳಿಗೆ ಎರಡನೇ ಅವಕಾಶ ಕೊಟ್ಟ ಹಾಗೆ. ಪ್ರತಿ ಸರದಿಯಲ್ಲೂ ಮಗು ಬಾಯಿಬಿಟ್ಟು ಕೂಗಬೇಕು: "ಎಡಕ್ಕೆ", "ಬಿಡು", "ನನ್ನದು". ನಾಚಿಕೆಯ ಮಕ್ಕಳಿಗೆ ಇದೇ ಅತಿ ಕಷ್ಟದ ಪಾಠ. ಶ್ರೀಜೇಶ್‌ರ ಪಂದ್ಯ ಹಾಕಿ, ಚಿತ್ರ ಮುಚ್ಚಿ ಬರೇ ಸದ್ದು ಕೇಳಿಸಿ. ಹಿಂದಿನಿಂದ ನಿಲ್ಲದೆ ಬರುವ ಆ ದನಿ ಕೇಳಿದ ಮೇಲೆ ಕೂಗಲು ನಾಚಿಕೆಪಡುವುದಿಲ್ಲ.

ನಮ್ಮ ಮುರಕಲ್ಲಿನ ಮೈದಾನದಲ್ಲಿ ಬೇಗ ಸವೆಯುವುದು ಕಿಕ್ಕರ್‌ನ ಅಡಿಪಟ್ಟಿ. ಪ್ರತಿ ವಾರ ತಿರುಗಿಸಿ ನೋಡಿ. ನೂಲು ಎದ್ದಿದ್ದರೆ ಹರಿಯುವ ಮೊದಲೇ ಚಪ್ಪಲಿ ಹೊಲಿಯುವವರಲ್ಲಿ ದಪ್ಪ ದಾರದ ಹೊಲಿಗೆ ಹಾಕಿಸಿ. ಪಟ್ಟಿ ಆಟದ ನಡುವೆ ಹರಿದರೆ ಕಿಕ್ಕರ್ ಪಾದದ ಪಕ್ಕಕ್ಕೆ ತಿರುಗಿ ಹೆಬ್ಬೆರಳು ಹೊರಗೆ ಬರುತ್ತದೆ, ಆ ಹೆಬ್ಬೆರಳಿಗೆ ಚೆಂಡು ಬಿದ್ದರೆ ಉಳಿದ ಸೀಸನ್ ಮನೆಯಲ್ಲೇ.

ಜೂನ್‌ನಿಂದ ಸೆಪ್ಟೆಂಬರ್ ತನಕ ದೊಡ್ಡ ಶತ್ರು ತೇವ. ಫೋಮ್ ನೀರು ಅಷ್ಟಾಗಿ ಕುಡಿಯುವುದಿಲ್ಲ, ಒಳಗಿನ ಬಟ್ಟೆ ಕುಡಿಯುತ್ತದೆ. ಆಟ ಮುಗಿಸಿ ಎಲ್ಲವನ್ನೂ ಬ್ಯಾಗಿಗೆ ತುಂಬಿ ಜಿಪ್ ಎಳೆದು ಮೂಲೆಗಿಟ್ಟರೆ ಎರಡೇ ದಿನಕ್ಕೆ ಬೂಸಲು, ಆಮೇಲೆ ಕೈ ತುರಿಕೆ. ಬಿಸಿಲು ಬಂತೆಂದು ಅಂಗಳದಲ್ಲಿ ಒಣಹಾಕುವುದೂ ಬೇಡ. ಕಡು ಬಿಸಿಲಿಗೆ ಫೋಮ್ ಬಾಗುತ್ತದೆ, ಬಾಗಿದ ಪ್ಯಾಡು ಚೆಂಡನ್ನು ಎತ್ತ ಕಳಿಸೀತೋ ಹೇಳಲಾಗದು. ಜಗಲಿಯಲ್ಲಿ ಫ್ಯಾನಿನ ಕೆಳಗೆ, ಪ್ಯಾಡುಗಳನ್ನು ನಿಲ್ಲಿಸಿ, ಕೈ ಪ್ಯಾಡುಗಳ ಬಾಯಿ ಕೆಳಗೆ ಮಾಡಿ ತೂಗುಹಾಕಿ. ಬಕಲ್‌ಗಳಿಗೆ ಉಪ್ಪು ಗಾಳಿಯ ತುಕ್ಕು ಹಿಡಿಯದ ಹಾಗೆ ಒಂದು ಹನಿ ತೆಂಗಿನೆಣ್ಣೆ ಒರೆಸಿ. ಒಣಗಿತೋ ಇಲ್ಲವೋ ಎಂದು ಹೊರಗಿನಿಂದ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಎಡಗೈ ಪ್ಯಾಡಿನ ಒಳಗೆ ಬೆರಳುಗಳನ್ನು ಪೂರ್ತಿ ತುದಿಯ ತನಕ ತೂರಿಸಿ. ತುದಿಗೆ ತಣ್ಣಗೆ ತಾಗಿದರೆ ಇನ್ನೊಂದು ರಾತ್ರಿ ಬಿಡಿ.